ಪರಾಗ ಬಿದ್ದ ಮೇಲೆ ಏನಾಗುತ್ತದೆ?

ಓದುಗರು ಕೇಳಿದ್ದು, ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿಯ ಉತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಹೂವು, ಹೀಚು, ಕಾಳಿನ ಬಗ್ಗೆಯೇ ಇವೆ. ಹೀಚು ಉದುರುತ್ತದೆ, ತೆನೆ ತುಂಬುವುದಿಲ್ಲ, ಕಾಳು ಜೊಳ್ಳು ಎಂದು ಬೇರೆ ಬೇರೆ ಊರಿನವರು ಬರೆದಿದ್ದೀರಿ. ಬೆಳೆ ಬೇರೆಯಾದರೂ ಕೇಳಿದ್ದು ಒಂದೇ. ಪರಾಗ ಹೂವಿಗೆ ತಾಗಿದರೆ ಸಾಕು, ಕಾಯಿ ಕಚ್ಚಿತು ಅಂತ ನಾವು ತಿಳಿದಿದ್ದೇವೆ, ಅಲ್ವಾ? ತಾಗುವುದು ಬರೀ ಶುರು. ಆಮೇಲೆ ಆ ಕಣ ಬದುಕಿರಬೇಕು, ಮೊಳೆಯಬೇಕು, ಒಳಗಿನ ತನಕ ಹೋಗಿ ಮುಟ್ಟಬೇಕು. ಒಂದು ಬೀಜಕ್ಕೆ ಒಂದು ಕಣ ಬೇಕೇ ಬೇಕು. ಕಾಯಿಯಲ್ಲಿ ನೂರು ಬೀಜ ಇದ್ದರೆ ನೂರು ಕಣಗಳು ಬೇರೆ ಬೇರೆಯಾಗಿ ಆ ದಾರಿ ನಡೆದಿವೆ ಎಂದರ್ಥ. ಅದಕ್ಕೇ ಈ ಸಲದ ಪುಟಗಳನ್ನೆಲ್ಲ ಈ ವಿಷಯಕ್ಕೆ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಪರಾಗ ಮೊಳೆತು ನಾಳ ಬೆಳೆಯುತ್ತದೆ ಅಂತ ಪಾಠದಲ್ಲಿದೆ. ಚಿತ್ರ ಬರೆಯಲು ಬರುತ್ತದೆ, ಆದರೆ ಒಳಗೆ ನಿಜವಾಗಿ ಏನಾಗುತ್ತದೆ ಅಂತ ಮನಸ್ಸಿಗೆ ಹತ್ತುತ್ತಿಲ್ಲ. ಕಣ್ಣಾರೆ ನೋಡುವ ದಾರಿ ಇದೆಯಾ? (ಬ್ಯಾಡಗಿ)

ಉತ್ತರ: ಇದೆ, ಮೊದಲು ನೋಡಿಬಿಡು. ಓದುವುದು ಆಮೇಲೆ ಇರಲಿ.

ನಿಮ್ಮ ಕಡೆ ಗೌರಿಹೂ ಸಿಗುತ್ತದೆ. ಕೆಲವರು ಕರ್ಣಕುಂಡಲ ಅಂತಾರೆ. ಅದು ಸಿಗದಿದ್ದರೆ ಬಟಾಣಿ ಹೂವೋ ನಿತ್ಯಪುಷ್ಪವೋ ಆದೀತು. ಕಾಯಿಸಿ ಆರಿಸಿದ ನೂರು ಮಿಲಿ ನೀರಿಗೆ ಹತ್ತು ಗ್ರಾಂ ಸಕ್ಕರೆ ಹಾಕು, ಅಂದರೆ ಎರಡು ಸಣ್ಣ ಚಮಚ. ಅದರಲ್ಲಿ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಬಿಡು. ಬೆಳಿಗ್ಗೆ ಅರಳಿದ ಹೂವನ್ನು ಆ ಹನಿಯ ಮೇಲೆ ಮೆಲ್ಲಗೆ ತಟ್ಟು. ಹದಿನೈದು ನಿಮಿಷ ಬಿಟ್ಟು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡು. ಕಾಗದದ ಫೋಲ್ಡ್‌ಸ್ಕೋಪ್ ಇದ್ದರೂ ನಡೆಯುತ್ತದೆ. ಕಣದ ಪಕ್ಕದಿಂದ ತೆಳ್ಳಗಿನ ನಾಳವೊಂದು ಹೊರಬಂದಿರುತ್ತದೆ. ಅರ್ಧ ಗಂಟೆ ಕಾದರೆ ಕಣಕ್ಕಿಂತ ಎಷ್ಟೋ ಪಟ್ಟು ಉದ್ದವಾಗಿರುತ್ತದೆ. ನಾಳದೊಳಗೆ ಸಣ್ಣ ಸಣ್ಣ ಕಾಳುಗಳು ಹರಿದಾಡುವುದೂ ಕಾಣುತ್ತದೆ. ಹಾಗೆ ಹರಿಯುವುದನ್ನು ಮೊದಲ ಸಲ ನೋಡಿದ ಮಕ್ಕಳು ಸೂಕ್ಷ್ಮದರ್ಶಕ ಬಿಟ್ಟು ಏಳುತ್ತಿರಲಿಲ್ಲ. ಗಂಟೆ ಹೊಡೆದರೂ ನಾನು ಏಳಿಸುತ್ತಿರಲಿಲ್ಲ.

ಇನ್ನೊಂದು ಪಟ್ಟಿಯ ಮೇಲೆ ಸಕ್ಕರೆ ಇಲ್ಲದ ಬರೀ ನೀರಿನ ಹನಿ ಇಟ್ಟು ಅದರಲ್ಲೂ ಪರಾಗ ಉದುರಿಸು. ಬಹಳಷ್ಟು ಕಣಗಳು ಉಬ್ಬಿ ಒಡೆದುಹೋಗುತ್ತವೆ. ಇದನ್ನು ತಪ್ಪದೇ ಮಾಡು. ಹೂವಿನ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಅಂತ ಹೊಲದವರು ಕೇಳುವ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಈಗ ಒಳಗಿನ ಕೆಲಸ ಹೇಳುತ್ತೇನೆ. ಕೇಸರದಿಂದ ಹೊರಬೀಳುವ ಹೊತ್ತಿಗೆ ಪರಾಗ ಒಣಗಿರುತ್ತದೆ. ಅದರ ಹೊರ ಹೊದಿಕೆ ಬಹಳ ಗಟ್ಟಿ. ಮಣ್ಣಿನ ಪದರಗಳಲ್ಲಿ ಲಕ್ಷಾಂತರ ವರ್ಷ ಕೂಡ ಕೆಡದೆ ಉಳಿಯುವಷ್ಟು ಗಟ್ಟಿ. ಆ ಹೊದಿಕೆಯಲ್ಲಿ ಅಲ್ಲಲ್ಲಿ ತೆಳ್ಳಗಿನ ಜಾಗಗಳಿರುತ್ತವೆ. ಹೂವಿನ ನಡುವಿನ ಕಡ್ಡಿಯ ತುದಿಯನ್ನು ಶಲಾಕಾಗ್ರ ಅಂತೀವಲ್ಲ, ಕಣ ಅಲ್ಲಿ ಕೂತು ತೇವ ಹೀರುತ್ತದೆ. ಆ ಗಿಡಕ್ಕೆ ಹೊಂದುವ ಪರಾಗ ಹೌದೋ ಅಲ್ಲವೋ ಎನ್ನುವುದು ಎಷ್ಟೋ ಗಿಡಗಳಲ್ಲಿ ಅಲ್ಲೇ ತೀರ್ಮಾನವಾಗುತ್ತದೆ. ಹೊಂದಿದರೆ ತೆಳ್ಳಗಿನ ಜಾಗದಿಂದ ನಾಳ ಹೊರಟು ಕಡ್ಡಿಯ ಒಳಗೇ ಇಳಿಯುತ್ತದೆ. ನಾಳ ಬೆಳೆಯುವುದು ತುದಿಯಲ್ಲಿ ಮಾತ್ರ. ಜೀವ ಇರುವ ಭಾಗವೆಲ್ಲ ತುದಿಯ ಕಡೆ ಸರಿಯುತ್ತಾ ಹೋಗುತ್ತದೆ, ಹಿಂದೆ ಖಾಲಿಯಾದ ಜಾಗಕ್ಕೆ ಅಲ್ಲಲ್ಲಿ ಬಿರಡೆ ಬೀಳುತ್ತದೆ. ಆ ತುದಿಯ ಜೊತೆಗೆ ಎರಡು ಗಂಡು ಜೀವಕೋಶಗಳು ಸಾಗುತ್ತವೆ. ಅವಕ್ಕೆ ಈಜಲು ಬಾರದು. ಪಾಚಿ, ಜರಿಗಿಡಗಳ ಗಂಡುಕೋಶ ನೀರಿನಲ್ಲಿ ಈಜಿ ಹೋಗುತ್ತದೆ. ಹೂ ಬಿಡುವ ಗಿಡದಲ್ಲಿ ನಾಳವೇ ಅವನ್ನು ಮುಟ್ಟಿಸಬೇಕು.

ಈ ನಾಳವನ್ನು ಮೊದಲು ಕಂಡವನು ಇಟಲಿಯ ಜೊವಾನಿ ಬತಿಸ್ತಾ ಅಮಿಚಿ. ಸೂಕ್ಷ್ಮದರ್ಶಕಗಳನ್ನು ತಾನೇ ತಯಾರಿಸುತ್ತಿದ್ದವನು. ಶಲಾಕಾಗ್ರದ ಮೇಲಿನ ರೋಮಗಳ ಒಳಗೆ ರಸ ಹರಿಯುವುದನ್ನು ನೋಡುತ್ತಾ ಕೂತಿದ್ದಾಗ, ಅಲ್ಲೇ ಇದ್ದ ಪರಾಗದ ಕಣವೊಂದು ಅವನ ಕಣ್ಣೆದುರೇ ನಾಳ ಬಿಟ್ಟಿತು. ಅದನ್ನು ಅವನು ಪ್ರಕಟಿಸಿದ್ದು 1824ರಲ್ಲಿ. ಅವನು ನೋಡುತ್ತಿದ್ದ ಹೂವು ಯಾವುದು ಗೊತ್ತಾ? ನಮ್ಮ ಗೋಣಿಸೊಪ್ಪಿನ ಹಳದಿ ಹೂವು. ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಅದೇ ಸೊಪ್ಪು.

ಇನ್ನು ನಾಳ ದಾರಿ ತಪ್ಪದೆ ಹೋಗುವುದು ಹೇಗೆ? ಹೂವಿನ ಬುಡದಲ್ಲಿ ಅಂಡಾಶಯ ಇರುತ್ತದೆ, ಅದರೊಳಗೆ ಅಂಡಕಗಳು. ಮುಂದೆ ಬೀಜ ಆಗುವುದು ಇವೇ. ಅಂಡಕದ ಒಳಗೆ ಅಂಡಕೋಶದ ಪಕ್ಕದಲ್ಲೇ ಇನ್ನೆರಡು ಕೋಶಗಳಿವೆ. ನಾಳ ಹತ್ತಿರ ಬಂದಾಗ ಅದನ್ನು ಕರೆಯುವುದು ಅವುಗಳ ಕೆಲಸ. ಜಪಾನಿನ ಟೆಟ್ಸುಯಾ ಹಿಗಾಶಿಯಾಮ ಮತ್ತು ಜೊತೆಗಾರರು ಟೊರೇನಿಯ ಎಂಬ ತೋಟದ ಹೂವಿನಲ್ಲಿ ಇದನ್ನು ತೋರಿಸಿದರು. ಆ ಎರಡು ಕೋಶಗಳನ್ನು ಲೇಸರ್‌ನಿಂದ ಸುಟ್ಟರೆ ನಾಳಗಳು ಆ ಕಡೆ ತಿರುಗಲೇ ಇಲ್ಲ. ಅದು 2001ರಲ್ಲಿ. ಅವು ಹೊರಬಿಡುವ ಪ್ರೋಟೀನುಗಳು ಯಾವುವು ಎಂದು 2009ರಲ್ಲಿ ಕಂಡುಹಿಡಿದರು. ಪಾಠದಲ್ಲಿ ಅವೆರಡು ಕೋಶಕ್ಕೆ ಒಂದು ಹೆಸರು ಕೊಟ್ಟು ಮುಂದೆ ಹೋಗುತ್ತಾರೆ. ನೀನು ಹಾಗೆ ಹೋಗಬೇಡ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದೇ.

ನಾಳ ಒಳಹೊಗುವ ರಂಧ್ರವನ್ನು ಅಡುಗೆಮನೆಯಲ್ಲೇ ನೋಡಬಹುದು. ರಾತ್ರಿ ನೆನೆಸಿದ ಕಡಲೆಯನ್ನು ಒರೆಸಿ ಬೆರಳಿನಿಂದ ಒತ್ತು. ಗಾಯದಂಥ ಗುರುತಿನ ಪಕ್ಕದ ಚುಕ್ಕೆಯಿಂದ ನೀರು ಒಸರುತ್ತದೆ. ಆ ಕಡಲೆ ಇನ್ನೂ ಹೂವಿನೊಳಗಿನ ಅಂಡಕವಾಗಿದ್ದಾಗ ನಾಳ ಬಂದದ್ದು ಅದೇ ತೂತಿನಿಂದ.

ಒಳಗೆ ಹೋದ ನಾಳ ಒಡೆದು ಎರಡೂ ಗಂಡುಕೋಶಗಳನ್ನು ಬಿಡುತ್ತದೆ. ಒಂದು ಅಂಡಕೋಶದ ಜೊತೆ ಕೂಡಿ ಭ್ರೂಣ ಆಗುತ್ತದೆ. ಇನ್ನೊಂದು ನಡುವಿನ ಕೋಶದ ಜೊತೆ ಕೂಡಿ ಭ್ರೂಣಕ್ಕೆ ಬೇಕಾದ ಆಹಾರ ಆಗುತ್ತದೆ. ಈ ಎರಡನೇ ಕೂಡುವಿಕೆಯನ್ನು 1898ರಲ್ಲಿ ಕೀವ್‌ನ ಸೆರ್ಗೆಯ್ ನವಾಶಿನ್ ಲಿಲ್ಲಿ ಜಾತಿಯ ಹೂವುಗಳಲ್ಲಿ ಕಂಡುಹಿಡಿದ. ಅದು ಪರೀಕ್ಷೆಗೆ ಬರುವ ಎರಡು ಅಂಕದ ಪ್ರಶ್ನೆ ಅಂತ ಬಿಡಬೇಡ. ಜೋಳದ ರೊಟ್ಟಿ, ಅನ್ನ, ರಾಗಿಮುದ್ದೆ ಎಲ್ಲವೂ ಬಹುಪಾಲು ಆ ಎರಡನೇ ಕೂಡುವಿಕೆಯಿಂದ ಆದದ್ದು. ಎಳನೀರೂ ಅದೇ, ತೆಂಗಿನಕಾಯಿಯ ಕೊಬ್ಬರಿಯೂ ಅದೇ. ಬೆಳಗಿನಿಂದ ರಾತ್ರಿಯವರೆಗೆ ನಾವು ತಿನ್ನುತ್ತಿರುವುದು ಅದನ್ನೇ.

ಗಸಗಸೆ ಡಬ್ಬಿ ತೆರೆದಾಗ ಒಂದು ಮಾತು ನೆನಪಿಟ್ಟುಕೋ. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಹೇಶ್ವರಿ ಅವರ ಪ್ರಯೋಗಾಲಯದವರು ಗಸಗಸೆ ಗಿಡದ ಅಂಡಕಗಳನ್ನು ಬಿಡಿಸಿ ಗಾಜಿನ ನಳಿಗೆಯಲ್ಲಿಟ್ಟರು. ಅವುಗಳ ಮೇಲೆ ನೇರವಾಗಿ ಪರಾಗ ಉದುರಿಸಿ ಬೀಜ ಕಟ್ಟಿಸಿದರು. ಹೂವಿನ ಕಡ್ಡಿಯೂ ಇಲ್ಲ, ಶಲಾಕಾಗ್ರವೂ ಇಲ್ಲ. ಹೂ ಬಿಡುವ ಗಿಡದಲ್ಲಿ ಇಂಥ ಕೆಲಸ ನಮ್ಮ ದೇಶದಲ್ಲಿ ಆಯಿತು ಅನ್ನುವುದು ನಿಮ್ಮ ಪೀಳಿಗೆಗೆ ಗೊತ್ತಿರಬೇಕು.

ಪ್ರಶ್ನೆ: ತಾರಸಿಯಲ್ಲಿ ಸಿಹಿಕುಂಬಳ ಮತ್ತು ಸೋರೆ ಹಾಕಿದ್ದೇನೆ. ಹೂವು ಧಾರಾಳ. ಹೀಚು ಬೆರಳು ಗಾತ್ರ ಆಗುತ್ತದೆ, ಆಮೇಲೆ ಹಳದಿಯಾಗಿ ಉದುರುತ್ತದೆ. ಗೊಬ್ಬರ ಜಾಸ್ತಿ ಹಾಕಬೇಕಾ? (ಬೆಂಗಳೂರು, ರಾಜಾಜಿನಗರ)

ಉತ್ತರ: ಗೊಬ್ಬರ ಬೇಡಮ್ಮ. ಹಾಕಿದರೆ ಎಲೆ ಜಾಸ್ತಿಯಾದೀತು ಅಷ್ಟೇ.

ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಮೊಗ್ಗಿರುವಾಗಲೇ ಕಾಣುತ್ತದೆ. ಅದನ್ನೇ ನೀವು ಹೀಚು ಅಂದುಕೊಂಡಿದ್ದೀರಿ. ಅದಿನ್ನೂ ಹೀಚಲ್ಲ, ಪರಾಗಕ್ಕೆ ಕಾಯುತ್ತಿರುವ ಅಂಡಾಶಯ. ಪರಾಗ ಬಂದು ಬೀಜ ಕಟ್ಟಲು ಶುರುವಾದರೆ ಮಾತ್ರ ಅದು ದಪ್ಪವಾಗುತ್ತದೆ. ಬೆಳೆಯುವ ಬೀಜಗಳೇ ಕಾಯಿಯನ್ನು ಬೆಳೆಸುತ್ತವೆ. ಸಿಹಿಕುಂಬಳದಲ್ಲಿ ನೂರಾರು ಬೀಜ. ಅಂದರೆ ಜೀವ ಇರುವ ನೂರಾರು ಕಣ ಬೇಕು. ಕಣ ಕಡಿಮೆ ಬಿದ್ದರೆ ಬಳ್ಳಿ ಆ ಕಾಯಿಯನ್ನು ಬಿಟ್ಟುಬಿಡುತ್ತದೆ. ಬಿಡದಿದ್ದರೆ ಒಂದು ಕಡೆ ದಪ್ಪ, ಒಂದು ಕಡೆ ಸೊಟ್ಟ ಆಗುತ್ತದೆ. ಸೌತೆಕಾಯಿ ಸೊಟ್ಟಗಾಗಲು ಕಾರಣ ಹಲವು. ಅರ್ಧಕ್ಕೆ ಮಾತ್ರ ಬೀಜ ಕಟ್ಟುವುದು ಅದರಲ್ಲೊಂದು.

ತಾರಸಿಗೆ ದುಂಬಿ, ಜೇನು ಬರುವುದು ಕಡಿಮೆ. ನೀವೇ ಪರಾಗ ಮುಟ್ಟಿಸಿ. ಆದರೆ ಹೊತ್ತು ನೋಡಿಕೊಳ್ಳಿ. ಸಿಹಿಕುಂಬಳ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಅದಕ್ಕೆ ಬೆಳಿಗ್ಗೆ ಬೇಗ ಏಳಬೇಕು. ಸೋರೆಯ ಬಿಳಿ ಹೂ ಅರಳುವುದು ಸಂಜೆ. ಹೀರೆ ಕೂಡ ಸಂಜೆಯೇ, ಪಡವಲವೂ ಕತ್ತಲಾಗುವ ಹೊತ್ತಿಗೆ. ಬೆಳಿಗ್ಗೆ ಕಾಫಿ ಕುಡಿದು ತಾರಸಿಗೆ ಹೋಗಿ ಸೋರೆ ಹೂವಿಗೆ ಪರಾಗ ಹಚ್ಚಿದರೆ ಬಾಡಿದ ಹೂವಿಗೆ ಹಚ್ಚಿದಂತೆ. ಅದಕ್ಕೇ ಎಷ್ಟೋ ಮನೆಯಲ್ಲಿ ಕುಂಬಳ ಬಿಡುತ್ತದೆ, ಸೋರೆ ಬಿಡುವುದಿಲ್ಲ.

ಆಗ ತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಹರಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಸುತ್ತಲೂ ಮೆಲ್ಲಗೆ ಸವರಿ. ಒಂದು ಹೆಣ್ಣಿಗೆ ಎರಡು ಮೂರು ಗಂಡು ಹೂ ಬಳಸಿ, ಜಿಪುಣತನ ಬೇಡ. ಪರಾಗ ಗುಂಪಾಗಿದ್ದಾಗ ಚೆನ್ನಾಗಿ ಮೊಳೆಯುತ್ತದೆ, ಒಂಟಿ ಕಣ ಅಷ್ಟು ಚೆನ್ನಾಗಿ ಮೊಳೆಯುವುದಿಲ್ಲ. ಅದರ ಹಿಂದೆ ಕ್ಯಾಲ್ಸಿಯಂ ಇದೆ ಎಂದು ಬ್ರೂಬೇಕರ್ ಮತ್ತು ಕ್ವಾಕ್ ಎಂಬ ಇಬ್ಬರು ವಿಜ್ಞಾನಿಗಳು 1963ರಲ್ಲಿ ತೋರಿಸಿಕೊಟ್ಟರು. ಆಮೇಲೆ ಹೂವಿನ ಮೇಲೆ ನೀರು ಚಿಮುಕಿಸಬೇಡಿ, ಬುಡಕ್ಕೆ ಹಾಕಿ.

ಶುರುವಿನಲ್ಲಿ ಬರೀ ಗಂಡು ಹೂ ಬಂದರೆ ಗಾಬರಿ ಬೇಡ, ಬಳ್ಳಿಯ ರೀತಿಯೇ ಅದು. ಉದುರಿದ ಕಾಯಿಯಲ್ಲಿ ಸೂಜಿ ಚುಚ್ಚಿದಂಥ ಗುರುತು, ಒಳಗೆ ಹುಳ ಇದ್ದರೆ ಮಾತ್ರ ಅದು ಹಣ್ಣುನೊಣದ ಕೆಲಸ. ಅದಕ್ಕೆ ಬೇರೆ ಉಪಾಯ ಬೇಕು.

ಪ್ರಶ್ನೆ: ನಮ್ಮ ಗೋವಿನಜೋಳ ಆಳೆತ್ತರ ಬಂತು. ತೆನೆ ಸುಲಿದು ನೋಡಿದರೆ ತುದಿಯ ಕಡೆ ಕಾಳೇ ಇಲ್ಲ, ನಡುನಡುವೆಯೂ ಹಲ್ಲು ಬಿದ್ದ ಹಾಗೆ. ಬೀಜ ಕಳಪೆಯೋ, ನಮ್ಮ ತಪ್ಪೋ? (ಹರಿಹರ ತಾಲ್ಲೂಕು)

ಉತ್ತರ: ಬೀಜದ ಮೇಲೆ ತಪ್ಪು ಹೊರಿಸುವ ಮೊದಲು ಹೂ ಬಂದ ವಾರ ಹವೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ.

ತೆನೆಯ ತುದಿಯಲ್ಲಿ ಜೋತುಬೀಳುವ ರೇಷ್ಮೆಯಂಥ ಎಳೆಗಳಿವೆಯಲ್ಲ, ಒಂದೊಂದು ಎಳೆಯೂ ಒಂದೊಂದು ಕಾಳಿನದು. ತೆನೆಯಲ್ಲಿ ಐನೂರು ಕಾಳಿನ ಜಾಗ ಇದ್ದರೆ ಎಳೆಯೂ ಐನೂರು. ಪ್ರತಿ ಎಳೆಗೂ ಕನಿಷ್ಠ ಒಂದು ಕಣ ಬೀಳಬೇಕು, ಮೊಳೆಯಬೇಕು, ಎಳೆಯ ಒಳಗೆ ಇಳಿಯಬೇಕು. ಎಳೆ ಒಂದು ಗೇಣಿಗೂ ಹೆಚ್ಚು ಉದ್ದ ಇರಬಹುದು. ಕಣ್ಣಿಗೆ ಕಂಡೂ ಕಾಣದಂಥ ಕಣವೊಂದು ಅಷ್ಟು ದೂರ ನಾಳ ಬೆಳೆಸುತ್ತದೆ. ಗಂಟೆಗೆ ಒಂದು ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಸುಮಾರು ಒಂದು ದಿನದೊಳಗೆ ಕೆಲಸ ಮುಗಿಯುತ್ತದೆ. ಇಷ್ಟು ಉದ್ದದ ದಾರಿ ಬೇರೆ ಬೆಳೆಗಳಲ್ಲಿ ಸಿಗುವುದು ಅಪರೂಪ.

ತೆನೆಯ ಬುಡದ ಕಾಳುಗಳ ಎಳೆ ಮೊದಲು ಹೊರಬರುತ್ತದೆ, ತುದಿಯವು ಕೊನೆಗೆ. ಹೂ ಬರುವ ಹೊತ್ತಿಗೆ ನೀರಿನ ಕೊರತೆಯಾದರೆ ಎಳೆ ಹೊರಬರುವುದು ತಡವಾಗುತ್ತದೆ. ಮೇಲಿನ ಗಂಡು ಹೂಗೊಂಚಲು ಮಾತ್ರ ಕಾಯುವುದಿಲ್ಲ, ತನ್ನ ಹೊತ್ತಿಗೆ ಪರಾಗದ ಪುಡಿ ಉದುರಿಸಿ ಮುಗಿಸುತ್ತದೆ. ತುದಿಯ ಎಳೆ ಹೊರಗೆ ಬರುವಾಗ ಹೊಲದಲ್ಲಿ ಪುಡಿಯೇ ಇರುವುದಿಲ್ಲ. ಬಿಸಿಲು ಜೋರಾದರೆ ಪುಡಿ ಬೇಗ ಸಾಯುತ್ತದೆ, ಎಳೆಯೂ ಒಣಗುತ್ತದೆ. ಪರಾಗ ಸರಿಯಾಗಿ ಮುಟ್ಟಿದರೂ ನೀರಿಲ್ಲದಿದ್ದರೆ ಗಿಡ ತುದಿಯ ಪುಟ್ಟ ಕಾಳುಗಳನ್ನು ಕೈಬಿಡುತ್ತದೆ. ಇನ್ನು ಹುಳು ಎಳೆಗಳನ್ನೇ ಕತ್ತರಿಸಿ ತಿಂದರೆ ಕೇಳುವುದೇ ಬೇಡ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಂಡ ಫಾಲ್ ಸೈನಿಕ ಹುಳು ಎಲೆ ಅಷ್ಟೇ ಅಲ್ಲ, ತೆನೆ ಮತ್ತು ಎಳೆಯನ್ನೂ ತಿನ್ನುತ್ತದೆ.

ಮುಂದಿನ ಬೆಳೆಯಲ್ಲಿ ಒಂದು ಪರೀಕ್ಷೆ ಮಾಡಿ. ಎಳೆ ಬಂದು ಒಂದು ವಾರದ ಹೊತ್ತಿಗೆ ನಾಲ್ಕೈದು ತೆನೆ ಮುರಿದು ತನ್ನಿ. ಸಿಪ್ಪೆಯನ್ನು ಎಳೆ ಹರಿಯದಂತೆ ಹುಷಾರಾಗಿ ಬಿಡಿಸಿ, ತೆನೆಯನ್ನು ಮೆಲ್ಲಗೆ ಅಲ್ಲಾಡಿಸಿ. ಕೂಡಿಕೆ ಆದ ಕಾಳಿನ ಎಳೆ ತಾನಾಗಿ ಕಳಚಿ ಬೀಳುತ್ತದೆ. ಆಗದಿದ್ದ ಕಾಳಿನ ಎಳೆ ಅಂಟಿಕೊಂಡೇ ಇರುತ್ತದೆ. ಎಷ್ಟು ಕಾಳು ಕಟ್ಟಬಹುದು ಅಂತ ಅಲ್ಲೇ ಗೊತ್ತಾಗುತ್ತದೆ. ಎಳೆಗಳೆಲ್ಲ ಉದುರಿಯೂ ಕೊನೆಗೆ ತುದಿ ಖಾಲಿಯಾದರೆ ಪರಾಗದ ತೊಂದರೆಯಲ್ಲ, ಆಮೇಲೆ ನೀರೋ ಆಹಾರವೋ ಸಾಲದೆ ಹೋಗಿದೆ. ಒಂದೇ ಒಂದು ನೀರು ಕೊಡಲು ಅನುಕೂಲ ಇದ್ದರೆ ಅದನ್ನು ಎಳೆ ಬರುವ ಹೊತ್ತಿಗೆ ಉಳಿಸಿಕೊಳ್ಳಿ.

ಪ್ರಶ್ನೆ: ಹಾಗಲಬಳ್ಳಿ ಪಕ್ಕ ಸೌತೆ ಹಾಕಿದರೆ ಸೌತೆ ಕಹಿಯಾಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಹುಳಿಮಾವಿನ ಮರದ ಪಕ್ಕ ಆಪೂಸು ಇದ್ದರೆ ಅದೂ ಹುಳಿಯಂತೆ. ನಿಜವಾ? (ಕುಮಟಾ)

ಉತ್ತರ: ಎರಡೂ ಇಲ್ಲ. ಹಾಗಲ ಮತ್ತು ಸೌತೆ ದೂರದ ಸಂಬಂಧಿಗಳು. ಒಂದರ ಪರಾಗದಿಂದ ಇನ್ನೊಂದರಲ್ಲಿ ಬೀಜ ಕಟ್ಟುವುದಿಲ್ಲ. ಸೌತೆ ಕಹಿಯಾಗುವುದು ತಳಿಯ ಗುಣದಿಂದ, ಇಲ್ಲವೇ ಬಿಸಿಲು, ನೀರಿನ ಏರುಪೇರಿನಿಂದ.

ಮಾವಿನ ಮಾತು ಬೇರೆ. ಹುಳಿಮಾವಿನ ಪರಾಗ ಆಪೂಸಿಗೆ ಸಲ್ಲುತ್ತದೆ. ಆದರೆ ನಾವು ತಿನ್ನುವ ತಿರುಳು ತಾಯಿಮರದ್ದೇ ಮೈ. ಹೂವಿನ ಅಂಡಾಶಯದ ಗೋಡೆ ದಪ್ಪವಾಗಿ ಆದದ್ದು. ಅದರಲ್ಲಿ ತಂದೆಯ ಪಾಲು ಇಲ್ಲ. ತಂದೆಯ ಪಾಲು ಇರುವುದು ಗೊರಟೆಯ ಒಳಗೆ. ಆ ಗೊರಟೆ ನೆಟ್ಟು ಬೆಳೆಸಿದರೆ ಬರುವ ಹಣ್ಣು ಆಪೂಸಿನಂತೆ ಇರುವ ಭರವಸೆ ಇಲ್ಲ. ಅದಕ್ಕೇ ಕಸಿ ಕಟ್ಟುವುದು. (ನಿಮ್ಮ ಕರಾವಳಿಯ ಕೆಲವು ಮಾವಿನ ತಳಿಗಳಲ್ಲಿ ಒಂದೇ ಗೊರಟೆಯಿಂದ ಎರಡು ಮೂರು ಸಸಿ ಏಳುತ್ತವೆ, ನೋಡಿದ್ದೀರಾ? ಅವುಗಳಲ್ಲಿ ಬಹುಪಾಲು ತಾಯಿಯ ಪಡಿಯಚ್ಚು, ಪರಾಗದ ಪಾಲಿಲ್ಲದೆ ಹುಟ್ಟಿದವು.)

ಆದರೆ ನಿಮ್ಮ ಅತ್ತೆಯ ಮಾತು ಗೋವಿನಜೋಳಕ್ಕೆ ಪೂರ್ತಿ ನಿಜ. ಅಲ್ಲಿ ನಾವು ತಿನ್ನುವುದೇ ಆ ಎರಡನೇ ಕೂಡುವಿಕೆಯಿಂದ ಆದ ಭಾಗವನ್ನು. ಅದರಲ್ಲಿ ತಂದೆಯ ಪಾಲು ಇದೆ. ಬಿಳಿ ಕಾಳಿನ ಹೊಲಕ್ಕೆ ಹಳದಿ ಕಾಳಿನ ಹೊಲದ ಪುಡಿ ಹಾರಿ ಬಂದರೆ ಅದೇ ವರ್ಷ, ಅದೇ ತೆನೆಯಲ್ಲಿ ನಡುನಡುವೆ ಹಳದಿ ಕಾಳು ಕಾಣುತ್ತದೆ. ಸ್ವೀಟ್ ಕಾರ್ನ್‌ಗೆ ಸಾದಾ ಗೋವಿನಜೋಳದ ಪುಡಿ ತಾಗಿದರೆ ಆ ಕಾಳುಗಳಲ್ಲಿ ಸಿಹಿ ಹೋಗುತ್ತದೆ. ಎರಡನ್ನೂ ಬೆಳೆಯುವವರು ದೂರ ಇಡಿ, ಇಲ್ಲವೇ ಬಿತ್ತನೆ ಹಿಂದೆ ಮುಂದೆ ಮಾಡಿ.

ಒಂದು ಎಚ್ಚರಿಕೆ. ಸೋರೆಕಾಯಿ ಕಹಿ ಇದ್ದರೆ ತಿನ್ನಬೇಡಿ, ರಸ ಕುಡಿಯಲೇಬೇಡಿ. ಕಹಿ ಸೋರೆಯ ರಸ ಕುಡಿದು ಜೀವ ಹೋದ ಪ್ರಕರಣಗಳು ಇವೆ. ಕತ್ತರಿಸಿದ ಕೂಡಲೇ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿ ಎನಿಸಿದರೆ ಉಗುಳಿ ಬಿಸಾಡಿ. ಅದರ ಬೀಜವನ್ನೂ ಇಡಬೇಡಿ.

ಪ್ರಶ್ನೆ: ಅಕ್ಕಾ, ನಾನು ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪುಡಿ ಹಚ್ಚಲು ಹೋಗುತ್ತೇನೆ. ಟೊಮೆಟೊ ಮತ್ತು ಹತ್ತಿ ಎರಡೂ ಮಾಡಿದ್ದೇನೆ. ಮಧ್ಯಾಹ್ನ ಮೊಗ್ಗು ಸುಲಿಯಿರಿ, ಬೆಳಿಗ್ಗೆ ಪುಡಿ ಹಚ್ಚಿರಿ ಅಂತಾರೆ. ಆಗಲೇ ಹಚ್ಚಿದರೆ ಯಾಕೆ ಆಗಲ್ಲ? ಹಚ್ಚಿದ ಮೇಲೆ ಮಳೆ ಬಂದರೆ ಏನು ಮಾಡಬೇಕು? ಕೇಳಿದರೆ ಯಾರೂ ಬಿಡಿಸಿ ಹೇಳುವುದಿಲ್ಲ. (ರಾಣೆಬೆನ್ನೂರು)

ಉತ್ತರ: ತಂಗಿ, ನಿನ್ನ ಪತ್ರ ಓದಿ ಬಹಳ ಖುಷಿಯಾಯಿತು. ನಮ್ಮ ಅವ್ವ ಇದೇ ಕೆಲಸ ಮಾಡಿದವಳು. ಧಾರವಾಡದ ವಿಜ್ಞಾನಿಗಳು 1972ರಲ್ಲಿ ವರಲಕ್ಷ್ಮಿ ಹತ್ತಿ ತಂದರಲ್ಲ, ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ್ದು, ಆ ಬೀಜದ ಹೊಲಗಳಲ್ಲಿ ಅವ್ವ ದುಡಿದಳು. ಬಲಗೈ ಹೆಬ್ಬೆರಳಿನ ಉಗುರನ್ನು ಅದಕ್ಕೆಂದೇ ಬೆಳೆಸಿದ್ದಳು. ಆ ಉಗುರಿನಿಂದ ಮೊಗ್ಗಿನ ಬುಡ ಸುತ್ತಲೂ ಸೀಳಿ, ಎಸಳು ಮತ್ತು ಕೇಸರ ಒಟ್ಟಿಗೇ ಕಳಚಿ ತೆಗೆದರೆ ನಡುವಿನ ಕಡ್ಡಿಗೆ ಒಂದು ಗೀರೂ ಬೀಳುತ್ತಿರಲಿಲ್ಲ.

ಮೊಗ್ಗು ಸುಲಿಯುವುದು ಯಾಕೆ ಅಂತ ನಿನಗೆ ಗೊತ್ತೇ ಇದೆ. ಅದೇ ಹೂವಿನ ಪುಡಿ ಅದಕ್ಕೇ ತಾಗಬಾರದು. ಹಾಗಾಗಿ ನಾಳೆ ಅರಳುವ ಮೊಗ್ಗನ್ನು ಇವತ್ತೇ ಹಿಡಿಯಬೇಕು. ಪುಡಿಗೆಂದು ಬೆಳೆಸಿದ ಗಂಡು ತಳಿಯ ಹತ್ತಿ ಹೂವು ಅರಳಿ ಪುಡಿ ಬಿಡುವುದು ಬೆಳಿಗ್ಗೆ. ಮಧ್ಯಾಹ್ನ ಸುಲಿದಾಗ ನಿನ್ನ ಕೈಗೆ ತಾಜಾ ಪುಡಿ ಸಿಗುವುದಿಲ್ಲ, ಸಿಕ್ಕ ಪುಡಿ ಬಿಸಿಲಿಗೆ ಸೊರಗಿರುತ್ತದೆ. ಸುಲಿದ ಮೊಗ್ಗಿನ ಕಡ್ಡಿಯೂ ಮರುದಿನ ಬೆಳಿಗ್ಗೆಗೆ ಪೂರ್ತಿ ತಯಾರಾಗುತ್ತದೆ. ಪುಡಿ ತಾಜಾ, ಕಡ್ಡಿ ತಯಾರು, ಬಿಸಿಲು ಇನ್ನೂ ಏರಿಲ್ಲ. ಈ ಮೂರೂ ಒಟ್ಟಿಗೆ ಸಿಗುವುದು ಬೆಳಗಿನ ಹೊತ್ತಿನಲ್ಲಿ ಮಾತ್ರ.

ಟೊಮೆಟೊದಲ್ಲಿ ಸ್ವಲ್ಪ ಸಡಿಲ ಇದೆ. ಅದರ ಕಡ್ಡಿ ಕೆಲವು ದಿನ ಪರಾಗ ಹಿಡಿಯುತ್ತದೆ. ಪುಡಿಯನ್ನು ಒಣಗಿಸಿ ತಂಪಿನಲ್ಲಿಟ್ಟರೆ ಕೆಲವು ದಿನ ಬದುಕುತ್ತದೆ. ಅದಕ್ಕೇ ಟೊಮೆಟೊ ಪುಡಿಯನ್ನು ಶೇಖರಿಸಿ, ಬೆರಳಿಗೆ ಹಾಕಿಕೊಳ್ಳುವ ಉಂಗುರದಲ್ಲಿ ತುಂಬಿಕೊಡುತ್ತಾರೆ. ಹತ್ತಿಗೆ ಹಾಗಲ್ಲ. ಕಡ್ಡಿಗೂ ಪುಡಿಗೂ ಒಂದೇ ದಿನದ ಆಯುಸ್ಸು.

ಇನ್ನು ಮಳೆಯ ಪ್ರಶ್ನೆ. ನೀರು ತಾಗಿದರೆ ಹತ್ತಿಯ ಪುಡಿ ಒಡೆದುಹೋಗುತ್ತದೆ. ಹಚ್ಚಿದ ತುಸು ಹೊತ್ತಿಗೇ ಮಳೆ ಹೊಡೆದರೆ ಆ ಹೂವುಗಳಲ್ಲಿ ಹೆಚ್ಚಿನವು ಹೋದಂತೆಯೇ. ನಾಳ ಒಳಗೆ ಇಳಿದ ಮೇಲೆ ಮಳೆ ಬಂದರೆ ಅಷ್ಟು ಭಯವಿಲ್ಲ. ಅದು ಕಡ್ಡಿಯ ಒಳಗಿರುತ್ತದೆ, ನೀರು ತಾಗುವುದಿಲ್ಲ. ಟೊಮೆಟೊ ಆದರೆ ಮರುದಿನ ಬೆಳಿಗ್ಗೆ ಒಣಗಿದ ಮೇಲೆ ಮತ್ತೊಮ್ಮೆ ಹಚ್ಚು. ಮೇಸ್ತ್ರಿಗೂ ಇದನ್ನು ಹೇಳು. ಮಳೆಗೆ ಹೋದ ಹೂವಿನ ಲೆಕ್ಕವನ್ನು ನಿನ್ನ ಕೈಯ ತಪ್ಪು ಅಂತ ಬರೆಯಬಾರದು.

ಹಚ್ಚುವಾಗ ಕಡ್ಡಿಯ ತುದಿಯ ಸುತ್ತಲೂ ಹಚ್ಚು. ಒಂದು ಹತ್ತಿ ಕಾಯಿಯಲ್ಲಿ ಇಪ್ಪತ್ತೈದು ಮೂವತ್ತು ಬೀಜ ಇರುತ್ತದೆ, ಅಷ್ಟಕ್ಕೂ ಬೇರೆ ಬೇರೆ ಕಣ. ಇನ್ನೊಂದು ಮಾತು ಕೇಳು. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯ ಮೇಲಿನ ಒಂದೇ ಒಂದು ಜೀವಕೋಶ ಉದ್ದವಾಗಿ ಬೆಳೆದದ್ದು. ಅದು ಚಿಗುರುವುದು ಹೂ ಅರಳಿದ ದಿನದ ಆಸುಪಾಸಿನಲ್ಲೇ. ಪರಾಗ ಮುಟ್ಟದಿದ್ದರೆ ಕಾಯಿ ಉದುರುತ್ತದೆ, ಎಳೆಯೂ ಇಲ್ಲ, ಬಟ್ಟೆಯೂ ಇಲ್ಲ.

ನೀನು ಮಾಡುವುದು ಕೂಲಿ ಅಂತ ಲೆಕ್ಕದಲ್ಲಿದೆ. ತಳಿವಿಜ್ಞಾನಿ ತನ್ನ ಪ್ರಯೋಗದ ತಾಕಿನಲ್ಲಿ ಮಾಡುವ ಕೆಲಸವೂ ಇದೇ. 'ಸಣ್ಣ ಕೈ ಬೇಕು' ಅಂತ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಈ ಕೆಲಸಕ್ಕೆ ಹಚ್ಚಿದ ಕಾಲವನ್ನು ನಾನು ಕಂಡಿದ್ದೇನೆ, ಅದನ್ನು ಈಗಲೂ ಕ್ಷಮಿಸಲಾರೆ. ಈ ಕೆಲಸಕ್ಕೆ ಬೇಕಾದದ್ದು ತಿಳಿವಳಿಕೆ ಇರುವ ದೊಡ್ಡವರ ಕೈ. ಅದಕ್ಕೆ ತಕ್ಕ ಸಂಬಳ ಸಿಗಬೇಕು, ಕೇಳಿದ ಪ್ರಶ್ನೆಗೆ ಉತ್ತರವೂ ಸಿಗಬೇಕು.

ಪ್ರಶ್ನೆ: ಬೀಜ ಕಟ್ಟಿದರೆ ಮಾತ್ರ ಕಾಯಿ ಬೆಳೆಯುವುದಾದರೆ ಬಾಳೆಹಣ್ಣು, ಬೀಜವಿಲ್ಲದ ದ್ರಾಕ್ಷಿ ಹೇಗೆ? (ವಿಜಯಪುರ)

ಉತ್ತರ: ಇವೆರಡರ ಕಥೆ ಬೇರೆ ಬೇರೆ. ನಾವು ತಿನ್ನುವ ಬಾಳೆಗೆ ಪರಾಗದ ಹಂಗೇ ಇಲ್ಲ. ಹೆಣ್ಣು ಹೂ ತಾನಾಗಿ ಕಾಯಿಯಾಗುತ್ತದೆ. ಕತ್ತರಿಸಿದಾಗ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಪಶ್ಚಿಮಘಟ್ಟದ ಕಲ್ಲುಬಾಳೆ ಬಾಳೆಯ ಹತ್ತಿರದ ನೆಂಟ. ಅದನ್ನು ಬಿಡಿಸಿ ನೋಡಿದರೆ ಒಳಗೆಲ್ಲ ಕಲ್ಲಿನಂಥ ಬೀಜ.

ನಿಮ್ಮೂರಿನ ಥಾಮ್ಸನ್ ದ್ರಾಕ್ಷಿಯಲ್ಲಿ ಪರಾಗ ಬೀಳುತ್ತದೆ, ಮೊಳೆಯುತ್ತದೆ, ಕೂಡುವುದೂ ಆಗುತ್ತದೆ. ಬೀಜ ಸ್ವಲ್ಪ ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ. ಹಣ್ಣಿನಲ್ಲಿ ನಾಲಿಗೆಗೆ ಸಿಕ್ಕೂ ಸಿಗದಂಥ ಮೆತ್ತನೆಯ ಚೂರು ಅದೇ. ಬೀಜ ನಿಂತುಹೋದದ್ದರಿಂದ ಹಣ್ಣನ್ನು ದಪ್ಪ ಮಾಡುವ ರಸವೂ ಕಡಿಮೆ. ಬೆಳೆಗಾರರು ಗೊಂಚಲನ್ನು ಜಿಎ (ಜಿಬ್ಬರೆಲಿಕ್ ಆಮ್ಲ ಎಂಬ ಅಂಥದೇ ರಸ) ದ್ರಾವಣದಲ್ಲಿ ಅದ್ದುವುದು ಆ ಕೊರತೆ ತುಂಬಲು.

ಪ್ರಶ್ನೆ: ಸೂರ್ಯಕಾಂತಿ ತೆನೆ ದೊಡ್ಡದಾಗಿ ಬಂತು, ಬಡಿದರೆ ಅರ್ಧ ಜೊಳ್ಳು. ಪಕ್ಕದ ಹೊಲದವರದು ಚೆನ್ನಾಗಿ ಬಂದಿದೆ. ಬೀಜ ಒಂದೇ, ಅಂಗಡಿ ಒಂದೇ. (ಗದಗ ಜಿಲ್ಲೆ)

ಉತ್ತರ: ಸೂರ್ಯಕಾಂತಿಯ ತೆನೆಯೇ ನೂರಾರು ಪುಟ್ಟ ಹೂಗಳ ಗುಂಪು. ಅಂಚಿನಿಂದ ಶುರುವಾಗಿ ನಡುವಿನ ಕಡೆಗೆ ವಾರಕ್ಕೂ ಹೆಚ್ಚು ಕಾಲ ಸುತ್ತು ಸುತ್ತಾಗಿ ಅರಳುತ್ತವೆ. ಪ್ರತಿ ಹೂವೂ ಮೊದಲು ತನ್ನ ಪುಡಿ ಹೊರಹಾಕುತ್ತದೆ, ಆಮೇಲೆ ಕಡ್ಡಿ ತೆರೆಯುತ್ತದೆ. ಅದೇ ಗಿಡದ ಪುಡಿ ಬಿದ್ದರೆ ಎಷ್ಟೋ ಸಲ ಮೊಳೆಯಲು ಬಿಡುವುದಿಲ್ಲ. ಈಗಿನ ಹೈಬ್ರಿಡ್‌ಗಳಲ್ಲಿ ಈ ಬಿಗಿ ಕಡಿಮೆ, ಆದರೂ ಬೇರೆ ಗಿಡದ ಪುಡಿ ಬಂದರೆ ಕಾಳು ಚೆನ್ನಾಗಿ ಕಟ್ಟುತ್ತದೆ. ಆ ಪುಡಿ ಭಾರ, ಅಂಟು. ಗಾಳಿಗೆ ಹೆಚ್ಚು ಹಾರುವುದಿಲ್ಲ. ತರಬೇಕಾದದ್ದು ಜೇನು.

ಹಾಗಾಗಿ ನಿಮಗೆ ನನ್ನ ಮೊದಲ ಪ್ರಶ್ನೆ, ಹೂ ಇದ್ದಾಗ ಔಷಧಿ ಹೊಡೆದಿರಾ? ಬೆಳಿಗ್ಗೆ ಹೊಡೆದಿದ್ದರೆ ಎರಡು ಕಡೆ ಪೆಟ್ಟು. ಜೇನು ಸಾಯುತ್ತದೆ, ಒದ್ದೆಗೆ ಪುಡಿಯೂ ಕೆಡುತ್ತದೆ. ಪಕ್ಕದ ಹೊಲದ ಬದುವಿನಲ್ಲಿ ಮರ, ಹೆಜ್ಜೇನಿನ ಹುಟ್ಟು, ತುಡುವೆ ಜೇನಿನ ಪೆಟ್ಟಿಗೆ ಏನಾದರೂ ಇವೆಯೇ ನೋಡಿಕೊಂಡು ಬನ್ನಿ.

ಜೇನು ಕಡಿಮೆ ಇದ್ದರೆ ಕೈಯಿಂದ ಮಾಡಬಹುದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಎಂಟರಿಂದ ಹನ್ನೊಂದರ ಒಳಗೆ, ಮೆತ್ತನೆಯ ಮಲ್ಲು ಬಟ್ಟೆಯನ್ನು ಅಂಗೈಗೆ ಸುತ್ತಿಕೊಂಡು ಒಂದು ತೆನೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಸವರುತ್ತಾ ಹೋಗಿ. ಹೂ ಸುತ್ತು ಸುತ್ತಾಗಿ ಅರಳುವುದರಿಂದ ಒಂದು ದಿನ ಮಾಡಿದರೆ ಸಾಲದು. ದಿನ ಬಿಟ್ಟು ದಿನ ಕೆಲವು ಸಲ ಮಾಡಬೇಕು. ಬೋರಾನ್ ಕೊರತೆ ಇರುವ ಮಣ್ಣಿನಲ್ಲಿ ಪರಾಗ ಸರಿಯಾಗಿ ಮೊಳೆಯುವುದಿಲ್ಲ, ನಾಳ ಅರ್ಧಕ್ಕೇ ನಿಲ್ಲುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ರೈತ ಸಂಪರ್ಕ ಕೇಂದ್ರದವರು ಹೇಳಿದ ಅಳತೆಯಷ್ಟೇ ಹಾಕಿ. ಬೋರಾನ್ ಜಾಸ್ತಿಯಾದರೆ ಬೆಳೆಗೆ ವಿಷ. ತೆನೆಯ ನಡುಭಾಗದಲ್ಲಿ ಸ್ವಲ್ಪ ಜೊಳ್ಳು ಯಾವಾಗಲೂ ಇದ್ದದ್ದೇ, ಅದಕ್ಕೆ ಚಿಂತೆ ಬೇಡ.

ಮುಂದಿನ ಸಲ ಹೂ ಇರುವಾಗ ಔಷಧಿ ಹೊಡೆಯಲೇಬೇಕಾಗಿ ಬಂದರೆ ಜೇನಿಗೆ ಕಡಿಮೆ ಅಪಾಯದ್ದು ಯಾವುದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಸುತ್ತಮುತ್ತ ಪೆಟ್ಟಿಗೆ ಇಟ್ಟವರಿಗೆ ಹಿಂದಿನ ದಿನವೇ ತಿಳಿಸಿ.